ಅಲ್ಲಾಡಿಸಿ ತಂದ ಕಾರ್ಡು

ವಿಜಯಸಾರಥಿ ಮೇಷ್ಟ್ರು ಆರು ತಿಂಗಳು ನಿದ್ದೆಗೆಟ್ಟು ಶಾಲೆಯ ಕಂಪ್ಯೂಟರಿನೊಳಗೆ ಕಟ್ಟಿದ್ದ ಹಳೇಬೀಡಿನ ದೇವಸ್ಥಾನ ಬೆಳಿಗ್ಗೆ ಎಂಟಕ್ಕೆ ಮೂರನೆಯ ಆನೆಯ ಹತ್ತಿರ ನಿಂತುಬಿಟ್ಟಿತು. ಪರದೆಯ ಮೇಲೆ ಚಿತ್ರ ಓಡಿಸುವ ಗ್ರಾಫಿಕ್ಸ್ ಕಾರ್ಡು ಒಂದಿಷ್ಟು ಸುಟ್ಟ ವಾಸನೆ ಬಿಟ್ಟು ಪ್ರಾಣವನ್ನೂ ಬಿಟ್ಟಿತ್ತು.

ಬೇರೆ ದಿನವಾಗಿದ್ದರೆ ಮೇಷ್ಟ್ರು ಹಾಳಾಗಿ ಹೋಗಲಿ ಎಂದು ಕಾಫಿ ಕುಡಿಯುತ್ತಿದ್ದರು. ಆದರೆ ಆ ದಿನ ಸಂಜೆ ನಾಲ್ಕಕ್ಕೆ ಮನೆ ಮನೆ ಸಮೀಕ್ಷೆಯ ಅಧಿಕಾರಿ ಶಾಲೆಗೆ ಬರುವವರಿದ್ದರು. ಅವರ ಪಟ್ಟಿಯಲ್ಲಿ ಮೇಷ್ಟ್ರ ಹೆಸರಿತ್ತು. ನೂರಾ ಎಂಬತ್ತು ಮನೆ, ಎರಡು ತಿಂಗಳು, ಭಾನುವಾರವೂ ಸೇರಿ. ಹೋದ ಸಲದ ಸಮೀಕ್ಷೆಯಲ್ಲಿ ಬಸ್ತಿಹಳ್ಳಿಯ ನಾಯಿಯೊಂದು ಅವರನ್ನು ಎಷ್ಟು ದೂರ ಅಟ್ಟಿಸಿಕೊಂಡು ಬಂದಿತ್ತೆಂಬುದು ಊರಿಗೆಲ್ಲ ಗೊತ್ತು.

ಹೆಡ್‌ಮಿಸ್ ಪುಷ್ಪಲತಾ ಒಂದು ದಾರಿ ತೋರಿಸಿದ್ದರು. “ಅವರಿಗೆ ಆ ದೇವಸ್ಥಾನ ಚೆನ್ನಾಗಿ ತೋರಿಸಿ ಸಾರ್. ಇಂಥೋರು ಶಾಲೇಲೇ ಇರಬೇಕು ಅಂತ ಅನ್ನಿಸಿದ್ರೆ ನಿಮ್ಮ ಹೆಸರು ಹೊಡೆದು ಹಾಕ್ತಾರೆ. ನಾನೂ ಒಂದು ಮಾತು ಹೇಳ್ತೀನಿ.”

ಇಂಥ ಹಳೆಯ ಕಾರ್ಡು ಸಿಗುವುದು ಅರಸೀಕೆರೆಯಲ್ಲಿ. ಮೇಷ್ಟ್ರು ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದ ಮನೆಯ ಗಂಗಾಧರಯ್ಯ ಕೊಬ್ಬರಿ ಮೂಟೆ ತುಂಬಿದ ಲಗೇಜ್ ಆಟೋ ತಂದು ನಿಲ್ಲಿಸಿದರು. ಕೊಬ್ಬರಿ ವ್ಯಾಪಾರದಲ್ಲಿ ಮೂವತ್ತು ವರ್ಷ ಪಳಗಿದವರು. ತಮ್ಮ ಮನೆಯ ಕಷ್ಟಕ್ಕೆ ಮುಖ ಸಿಂಡರಿಸಿದರೂ ಪಕ್ಕದ ಮನೆಯ ಕಷ್ಟವನ್ನು ಬಲು ಸಂತೋಷದಿಂದ ಹೊತ್ತುಕೊಳ್ಳುವವರು.

“ಹತ್ತಿ ಮೇಷ್ಟ್ರೇ. ಸಾಮಾನು ಕೊಳ್ಳೋದು ಓದ್ದೋರ ಕೈಲಿ ಆಗೋ ಕೆಲ್ಸ ಅಲ್ಲ. ನಾನೂ ಬತ್ತೀನಿ.”

ಬೇಡವೆನ್ನುವ ಮೊದಲೇ ಮೇಷ್ಟ್ರು ಮೂಟೆಯ ಮೇಲಿದ್ದರು.

ಅರಸೀಕೆರೆಯಲ್ಲಿ ಹಳೆಯ ಕಂಪ್ಯೂಟರ್ ಮಾರುವ ಮೋಹನ್‌ಕುಮಾರ ಎರಡು ಕಾರ್ಡು ತಂದು ಮೇಜಿನ ಮೇಲಿಟ್ಟ. ಎರಡಕ್ಕೂ ಹತ್ತು ವರ್ಷದ ಮೇಲಾಗಿತ್ತು. “ಇದು ಎರಡು ಜಿ.ಬಿ., ಒಂದು ಫ್ಯಾನು. ಇದು ನಾಲ್ಕು ಜಿ.ಬಿ., ಎರಡು ಫ್ಯಾನು. ರೇಟು ಎರಡಕ್ಕೂ ಒಂದೇ ಸಾರ್.”

“ಇನ್ನ ಕೇಳೋದೇನೈತೆ? ನಾಕು ಜಿ.ಬಿ.ದೇ ಕಟ್ಟಪ್ಪ!” ಎಂದರು ಗಂಗಾಧರಯ್ಯ.

“ತಡೀರಿ,” ಎಂದ ಮೇಷ್ಟ್ರು ಮೊಬೈಲು ನೋಡಿಕೊಂಡು ಚೀಟಿಯ ಮೇಲೆ ಗೆರೆ ಎಳೆದು, ಇದರದ್ದು ಈ ಕಡೆ ಅದರದ್ದು ಆ ಕಡೆ ಎಂದು ಬರೆದರು. “ಚಿಕ್ಕದರಲ್ಲಿ ಕೆಲಸ ಮಾಡೋ ಕೋರ್‌ಗಳು ಆರುನೂರ ನಲವತ್ತು. ದೊಡ್ಡದರಲ್ಲಿ ಮುನ್ನೂರ ಎಂಬತ್ನಾಲ್ಕು. ಅದೂ ಅಲ್ದೆ ದೊಡ್ಡದರ ಮೆಮೊರಿ ಹಳೇ ಕಾಲದ್ದು, ನಿಧಾನ. ಗೋಡೌನು ದೊಡ್ಡದು, ಬಾಗಿಲು ಮಾತ್ರ ಕಿಟಕಿಯಷ್ಟು.”

“ಗೋಡೌನ್ ಇಸ್ಯ ನಂಗೇಳ್ಬೇಡಿ. ನಂದೇ ಮೂರವೆ.”

ಹೀಗೆಂದವರೇ ಗಂಗಾಧರಯ್ಯ ಚಿಕ್ಕ ಕಾರ್ಡನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಗಡಗಡ ಅಲ್ಲಾಡಿಸಿದರು. ಒಣಗಿ ಬಲಿತ ಕೊಬ್ಬರಿ ಕರಟದೊಳಗೆ ಸದ್ದು ಮಾಡುತ್ತದೆ, ಎಳೆಯದು ಮಾಡುವುದಿಲ್ಲ. ಮೂವತ್ತು ವರ್ಷದಿಂದ ಆ ಕಿವಿ ಒಮ್ಮೆಯೂ ತಪ್ಪಿರಲಿಲ್ಲ.

“ಅಣ್ಣಾ, ಅಲ್ಲಾಡಿಸ್ಬೇಡಿ!” ಎಂದು ಮೋಹನ್‌ಕುಮಾರ ಕಿರುಚಿದ.

“ಸದ್ದೇ ಇಲ್ಲ. ಇದು ಎಳೇದು,” ಎಂದು ಅವರು ದೊಡ್ಡದನ್ನು ಎತ್ತಿಕೊಂಡರು. ಅದರ ಫ್ಯಾನಿನ ಸ್ಕ್ರೂ ಸಡಿಲವಾಗಿತ್ತೋ ಏನೋ, ಗುಡುಗುಡು ಎಂದಿತು. ಗಂಗಾಧರಯ್ಯನವರ ಮುಖ ಅರಳಿತು. “ಕೇಳಿದ್ರಾ! ಚೆನ್ನಾಗಿ ಬಲಿತೈತೆ!”

ಪಕ್ಕದ ಜೆರಾಕ್ಸ್ ಅಂಗಡಿಯವನು ಬಂದು ಅಲ್ಲಾಡಿಸಿದ. ಟೀ ತಂದವನು ಅಲ್ಲಾಡಿಸಿದ. ರೈಲಿಗೆ ಇನ್ನೂ ಹೊತ್ತಿದ್ದ ಮೂವರು ದಾರಿಹೋಕರು ಸಾಲಾಗಿ ನಿಂತು ಅಲ್ಲಾಡಿಸಿದರು. ಒಬ್ಬ ಮೈಲೇಜ್ ಕೇಳಿದ. ಇನ್ನೊಬ್ಬ ಎರಡನ್ನೂ ಹೊತ್ತೊಯ್ದು ಎದುರಿನ ಈರುಳ್ಳಿ ಗಾಡಿಯ ತಕ್ಕಡಿಯಲ್ಲಿ ತೂಗಿಸಿಕೊಂಡು ಬಂದ. ತೂಕದಲ್ಲೂ ನಾಲ್ಕು ಜಿ.ಬಿ.ಯೇ ಗೆದ್ದಿತು.

ಮೇಷ್ಟ್ರು ಬಗ್ಗಲಿಲ್ಲ. ಪೆನ್‌ಡ್ರೈವ್ ಕೊಟ್ಟು ಎರಡು ಕಾರ್ಡಿನಲ್ಲೂ ದೇವಸ್ಥಾನ ಓಡಿಸಿ ನೋಡಿದರು. ಚಿಕ್ಕದು ಸೆಕೆಂಡಿಗೆ ನಲವತ್ತೆರಡು ಚಿತ್ರ ತೋರಿಸಿ ಗುಡಿಯ ಸುತ್ತ ಹಕ್ಕಿಯಂತೆ ಹಾರಿತು. ದೊಡ್ಡದು ಒಂಬತ್ತು ತೋರಿಸುವಷ್ಟರಲ್ಲಿ ಬೆವೆತಿತು.

“ಸೆಕೆಂಡಿಗೆ ನಲವತ್ತೆರಡು ಚಿತ್ರ ನೋಡಾಕೆ ಯಾರಿಗ್ರೀ ಪುರುಸೊತ್ತೈತೆ?” ಎಂದು ಗಂಗಾಧರಯ್ಯ ಗೊಣಗಿದರು. ಮೇಷ್ಟ್ರು ಚಿಕ್ಕದಕ್ಕೆ ದುಡ್ಡು ಕೊಟ್ಟು, ಕಟ್ಟಲು ಹೇಳಿ, ಪಕ್ಕದ ಹೋಟೆಲಿನಲ್ಲಿ ಎರಡು ಇಡ್ಲಿ ತಿಂದು ಬಂದರು. ಅಷ್ಟರಲ್ಲಿ ಡಬ್ಬ ಸಿದ್ಧವಾಗಿತ್ತು. ಗಂಗಾಧರಯ್ಯ ಅದನ್ನು ಹಳೇಬೀಡಿನವರೆಗೂ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡೇ ಆಟೋ ಓಡಿಸಿದರು.

ನಾಲ್ಕಕ್ಕೆ ಐದು ನಿಮಿಷವಿದ್ದಾಗ ಶಾಲೆಯಲ್ಲಿ ಡಬ್ಬ ಬಿಚ್ಚಿದರೆ ಒಳಗಿಂದ ಎರಡು ಫ್ಯಾನು ಮೇಷ್ಟ್ರನ್ನು ನೋಡಿದವು.

“ನಾನೇ ಬದಲಾಯ್ಸ್‌ದೆ,” ಎಂದರು ತಮಾಷೆ ನೋಡಲು ಜೊತೆಗೇ ಬಂದಿದ್ದ ಗಂಗಾಧರಯ್ಯ. “ಅದೇ ದುಡ್ಡಿಗೆ ಡಬಲ್ಲು. ಪಾಪ, ನೀವು ಮೋಸ ಹೋಗೋದು ನೋಡಾಕಾಗ್ಲಿಲ್ಲ.”

ಮೇಷ್ಟ್ರಿಗೆ ಬಾಯಿಗೆ ಬಂದದ್ದನ್ನೆಲ್ಲ ಬೈಯಬೇಕೆನ್ನಿಸಿತು. ಆದರೆ ಹೊರಗೆ ಅಧಿಕಾರಿಗಳ ಜೀಪು ಬಂದು ನಿಂತಿತ್ತು. ಬೇರೆ ದಾರಿಯಿಲ್ಲದೆ ಅದೇ ಕಾರ್ಡು ಕೂರಿಸಿದರು.

ದೇವಸ್ಥಾನ ಹೊರಟಿತು. ಹೊರಟಿತು ಎನ್ನುವುದು ದೊಡ್ಡ ಮಾತು, ತೆವಳಿತು. ಮೊದಲನೆಯ ಆನೆ ಬಂದು ಯೋಚಿಸುತ್ತಾ ನಿಂತಿತು. ಎಷ್ಟೋ ಹೊತ್ತಿನ ಮೇಲೆ ಎರಡನೆಯದು ಬಂತು. ಪುಷ್ಪಲತಾ ಮೇಡಂ ಕೆಮ್ಮಿದರು. ಮೇಷ್ಟ್ರ ಕಣ್ಣಿಗೆ ಬಸ್ತಿಹಳ್ಳಿಯ ನಾಯಿ ಕಾಣಿಸತೊಡಗಿತು.

ಅಧಿಕಾರಿಗಳು ಮಾತ್ರ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು. ಬೆರಳು ಮಡಚಿ ಆನೆ ಎಣಿಸಲು ಶುರುಮಾಡಿದರು. ಮುಕ್ಕಾಲು ಗಂಟೆಯಾಯಿತು. ಮುಗಿದಾಗ ಎದ್ದು ನಿಂತು ಕೈ ಕುಲುಕಿದರು.

“ಎಂಥ ತಾಳ್ಮೆ ಸಾರ್ ನಿಮ್ಮದು! ಒಂದು ಆನೆ ಬಿಟ್ಟಿಲ್ಲ, ಒಂದು ಬಳ್ಳಿ ಬಿಟ್ಟಿಲ್ಲ,” ಎನ್ನುತ್ತಾ ಪಟ್ಟಿ ತೆಗೆದು, ಎಲ್ಲರ ಎದುರಿಗೇ ವಿಜಯಸಾರಥಿ ಎಂಬ ಹೆಸರಿನ ಮೇಲೆ ಗೆರೆ ಎಳೆದರು.

ಮೇಷ್ಟ್ರಿಗೆ ಕುಣಿದಾಡುವಷ್ಟು ಸಂತೋಷವಾಯಿತು. ಗಂಗಾಧರಯ್ಯನವರನ್ನು ತಬ್ಬಿಕೊಳ್ಳಲು ಒಂದು ಹೆಜ್ಜೆ ಇಟ್ಟೇಬಿಟ್ಟರು.

“ನಿಮ್ಮಂಥೋರಿಗೆ ನೂರಾ ಎಂಬತ್ತು ಮನೆ ಯಾವ ಮೂಲೆಗೆ?” ಎಂದು ಅಧಿಕಾರಿಗಳು ಇನ್ನೊಂದು ಹಾಳೆಯಲ್ಲಿ ಬರೆಯತೊಡಗಿದರು. “ಮೇಲ್ವಿಚಾರಕರು ನೀವೇ. ಆರು ಜನ ಎಣಿಸಿದ ಸಾವಿರದ ಎಂಬತ್ತು ಮನೇನೂ ಹೀಗೇ ನಿಧಾನವಾಗಿ ನೀವು ಇನ್ನೊಂದ್ಸಲ ಎಣಿಸ್ಬೇಕು.”

ಮೇಷ್ಟ್ರು ಮೇಜು ಹಿಡಿದುಕೊಂಡರು. “ಸಾರ್, ಕಂಪ್ಯೂಟರ್ ತೋರಿಸಿದ ಬೇರೆ ಮೇಷ್ಟ್ರು ಯಾರೂ ಸಿಗಲಿಲ್ವಾ?”

“ನಿನ್ನೆ ಬೇಲೂರಿನ ಹತ್ತಿರ ಒಬ್ಬರು ತೋರಿಸಿದ್ರು. ಅದೇನು ಸ್ಪೀಡು! ಗುಡಿ ಬಂದಿದ್ದೂ ಗೊತ್ತಾಗ್ಲಿಲ್ಲ, ಹೋಗಿದ್ದೂ ಗೊತ್ತಾಗ್ಲಿಲ್ಲ. ಇಂಥ ಆತುರಗಾರ ಮನೆ ಎಣಿಸಿದ್ರೆ ಅರ್ಧ ಊರು ಬಿಟ್ಟು ಬರ್ತಾನೆ ಅಂತ ಅವರನ್ನ ಸಮೀಕ್ಷೆಯಿಂದಲೇ ತೆಗೆದುಹಾಕ್ದೆ. ಮನೇಲಿರ್ಲಿ ಬಿಡಿ, ಪಾಪ.”

ಜೀಪು ಹೊರಟಿತು. ಗಂಗಾಧರಯ್ಯ ಮೇಷ್ಟ್ರ ಬೆನ್ನು ತಟ್ಟಿದರು. “ಪ್ರಮೋಷನ್ನೇ ಕೊಡ್ಸುಬುಟ್ನಲ್ಲ ಮೇಷ್ಟ್ರೇ! ಸ್ವೀಟು ಯಾವಾಗ?”