ಬಿಳಿ ಕೂದಲಿಗೆ ಒಂದು ಸೌಟು

ನನ್ನ ನಿದ್ದೆ ಕೆಟ್ಟದ್ದು ಒಂದು ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ. ಹಗಲು ಹೊತ್ತಿನಲ್ಲಿ ಕೆಡುವ ನಿದ್ದೆ ಯಾವುದಯ್ಯಾ ಎಂದು ನಗಬೇಡಿ. ಸಮಯವನ್ನು ನಾನು ನೆನಪಿಟ್ಟದ್ದಲ್ಲ. ನಾನು ಕಳಿಸಿದ ಮೆಸೇಜಿನ ಕೆಳಗೆ ಫೋನೇ ಬರೆದಿಟ್ಟಿದೆ. ಅಳಿಸಿ ನೋಡಿದೆ. ಅಳಿಸಿದ್ದಾರೆ ಎಂದು ಅದನ್ನೂ ಊರಿಗೆಲ್ಲ ಸಾರಿತು. 'ಕೇಳಿದ್ದನ್ನೆಲ್ಲ ನಂಬಬೇಡಿ, ಪ್ರಶ್ನೆ ಮಾಡಿ' ಎಂದು ಹದಿನೆಂಟು ವರ್ಷದಿಂದ ಮಕ್ಕಳಿಗೆ ಪಾಠ ಹೇಳುವ ಮೇಷ್ಟ್ರು ನಾನು. ಆದರೆ ಭಾನುವಾರ ಶಾಲೆಗೆ ರಜೆ.

ಮಕ್ಕಳ ಕಳ್ಳರು ಚೀಲ ಹೊತ್ತು ತಿರುಗುತ್ತಿದ್ದಾರೆ, ಹುಷಾರು ಎಂದು ಯಾರೋ ಕಳಿಸಿದ್ದರು. ಊರಿನ ಹೆಸರೇ ಇಲ್ಲದಿದ್ದರೆ ಯಾರು ಹೆದರುತ್ತಾರೆ ಎನಿಸಿ, 'ಸಾಸ್ವೆಹಳ್ಳಿ ದಾಟಿ ನಮ್ಮ ಹೊನ್ನಾಳಿಗೆ ಬಂದಿದ್ದಾರೆ' ಎಂಬ ಸಾಲನ್ನು ನಾನೇ ಸೇರಿಸಿ ಬೀದಿಯ ವಾಟ್ಸಾಪ್ ಗುಂಪಿಗೆ ಹಾಕಿದೆ. ಕೈಮುಗಿದ ಚಿತ್ರಗಳು ಹದಿನಾಲ್ಕು ಬಂದವು. ನನ್ನ ಹುಟ್ಟುಹಬ್ಬಕ್ಕೆ ಬಂದದ್ದು ಮೂರು. ಅಂದಿನ ಉಪ್ಪಿಟ್ಟು ಬಹಳ ರುಚಿಯಾಗಿತ್ತು.

ಎರಡನೇ ಸಲ ಹಾಕಿಸಿಕೊಳ್ಳುವಷ್ಟರಲ್ಲಿ ಬೀದಿಯಲ್ಲಿ ಗಲಾಟೆ. ಕೂದಲಿನವನನ್ನು ಜನ ಲೈಟುಕಂಬಕ್ಕೆ ಒತ್ತಿ ಹಿಡಿದಿದ್ದರು. ತಲೆ ಬಾಚಿದಾಗ ಉದುರಿದ ಕೂದಲನ್ನು ಹೆಂಗಸರು ಸುತ್ತಿ ಬಚ್ಚಲ ಗೋಡೆಯ ಸಂದಿಯಲ್ಲಿ ಕೂಡಿಡುತ್ತಾರಲ್ಲ, ಅದನ್ನು ತೂಗಿಕೊಂಡು ಸ್ಟೀಲ್ ಸಾಮಾನು ಕೊಡುವವನು ಇವನು. ಜಗಳೂರಿನ ಸೊಕ್ಕೆ ಕಡೆಯಿಂದ ಎರಡು ತಿಂಗಳಿಗೊಮ್ಮೆ ಬರುತ್ತಿದ್ದ. ನಾವು ಗಂಡಸರು ಅವನ ಕೂಗು ಕೇಳಿದ್ದೆವು, ಮುಖ ನೋಡಿದವರಲ್ಲ. ಯಾರೋ ಅವನ ಚೀಲ ಸುರಿದರು. ನೆಲದ ಮೇಲೆ ರಾಶಿ ಕೂದಲು.

"ಅಯ್ಯಯ್ಯೋ, ಎಷ್ಟ್ ಮಕ್ಕಳ್ದೋ ಏನೋ!"

ಕಪಾಳಕ್ಕೆ ಬಿತ್ತು. ಅವನ ತುಟಿ ಒಡೆದು ರಕ್ತ ಸುರಿಯಿತು. ಒಬ್ಬನ ಕೈಯಲ್ಲಿ ಇಟ್ಟಿಗೆ, ಉಳಿದವರ ಕೈಯಲ್ಲಿ ಫೋನು. ನಾನು ನುಗ್ಗಿ, "ಬಿಡ್ರಪ್ಪಾ, ಪಾಪ" ಎಂದೆ. ಎದುರುಮನೆಯ ಗೊಬ್ಬರದಂಗಡಿ ರುದ್ರೇಶಿ ನನ್ನ ಕಿವಿಯ ಹತ್ತಿರ ಬಗ್ಗಿ, "ಸುಮ್ನಿರ್ರೀ ಮೇಷ್ಟ್ರೇ. ಮೆಸೇಜ್ ಹಾಕಿದ್ದು ನೀವೇ ಅಲ್ಲೇನ್ರೀ? ಓದಿದೋರು ಹಾಕ್ಯಾರೆ ಅಂತಾನೇ ನಾವು ನಂಬಿದ್ದು" ಎಂದ. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

ಆಗ ನಮ್ಮವ್ವ ಬಂದಳು, ಕೈಯಲ್ಲೊಂದು ಪುಟ್ಟ ಗಂಟು. ಇಟ್ಟಿಗೆಯವನನ್ನು ಮೊಣಕೈಯಿಂದ ಸರಿಸಿ, "ಏ ತಮ್ಮಾ, ಎರಡು ತಿಂಗಳಿಂದ ಕೂಡಿಟ್ಟೀನಿ. ಒಂದು ಸೌಟು ಕೊಡು" ಎಂದಳು.

ಆ ಮನುಷ್ಯ ಗಂಟು ಬಿಚ್ಚಿ ನೋಡಿದ. "ಬಿಳೀದೇ ಜಾಸ್ತಿ ಐತವ್ವ. ಸೌಟು ಬರಲ್ಲ, ಚಮಚ ಕೊಡ್ತೀನಿ."

"ಬಾಯಾಗೆ ರಕ್ತ ಸುರೀತಿದ್ರೂ ಚೌಕಾಸಿ ಬಿಡಲ್ಲ ನೋಡು, ಹಾಳಾದೋನು!"

ಯಾರೋ ಕಿಸಕ್ಕನೆ ನಕ್ಕರು. "ನಂದೂ ಐತೆ, ತಡಿಯಪ್ಪ" ಎಂದು ಇನ್ನೊಂದು ಮನೆಯಿಂದ ಹೆಂಗಸಿನ ದನಿ ಬಂತು. ಇಟ್ಟಿಗೆ ಮೆಲ್ಲಗೆ ಕೆಳಗಿಳಿಯಿತು. ಅವ್ವ ಸೌಟನ್ನೇ ಗಿಟ್ಟಿಸಿದಳು. ಇವತ್ತಿಗೂ ನನಗೆ ಸಾರು ಬಡಿಸುವುದು ಅದರಲ್ಲೇ.

ಆಮೇಲೆ ಐದು ತಿಂಗಳು, ರಾತ್ರಿ ಕಣ್ಣು ಮುಚ್ಚಿದರೆ ಸಾಕು, ಇಟ್ಟಿಗೆ ಮೇಲೇಳುತ್ತಿತ್ತು. ಆ ಕನಸಿಗೆ ಅವ್ವ ಮಾತ್ರ ಬರುತ್ತಿರಲಿಲ್ಲ.

ಮೊನ್ನೆ ಅವನು ಮತ್ತೆ ಬಂದ. ಈಗ ಕೂಗುವುದಿಲ್ಲ, ಬಾಗಿಲು ತಟ್ಟುತ್ತಾನೆ. ಗೋಣಿಚೀಲ ಬಿಟ್ಟು, ಒಳಗಿನದು ಕಾಣುವ ಪ್ಲಾಸ್ಟಿಕ್ ಚೀಲದಲ್ಲಿ ಕೂದಲು ತುಂಬಿಕೊಂಡಿದ್ದ. "ಮೇಷ್ಟ್ರೇ, ಆವತ್ತು ಆ ಮೆಸೇಜ್ ಹಾಕಿದೋನು ಯಾವನು ಅಂತ ಗೊತ್ತಾತೇನ್ರೀ?" ಎಂದು ಕೇಳಿದ. ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು.

"ಇಲ್ಲಪ್ಪ. ಅಂಥವರೆಲ್ಲ ಎಲ್ಲಿ ಸಿಗ್ತಾರೆ" ಎಂದೆ.

"ಹೋಗ್ಲಿ ಬಿಡ್ರಿ. ಅಷ್ಟು ಮಂದಿಯಾಗೆ ಬಿಡ್ರಪ್ಪಾ ಅಂದಿದ್ದ ಗಂಡಸು ನೀವೊಬ್ರೇ. ನೆನಪೈತೆ" ಎಂದು ಕೈಮುಗಿದ. ನನ್ನ ಲೆಕ್ಕಕ್ಕೆ ಅದು ಹದಿನೈದನೆಯದು.

ಆ ರಾತ್ರಿ ಒಂಬತ್ತಕ್ಕೆ ಮಲಗಿದವನಿಗೆ ಎಚ್ಚರವಾದದ್ದು ಬೆಳಿಗ್ಗೆ ಏಳಕ್ಕೆ. ಕನಸೂ ಬೀಳಲಿಲ್ಲ. ಇಟ್ಟಿಗೆಗಿಂತ ಈಗ ನನಗೆ ಆ ನಿದ್ದೆಯದೇ ಭಯ.