ಬಾನೆಟ್ಟಿನ ಮೇಲೊಂದು ಗುಳಿ

ಕಾರಿನ ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಆಲಿಕಲ್ಲು ಸಾಹೇಬರೆಂದೇ ಕರೆಯುತ್ತಿದ್ದರು. ನೀರನ್ನು ನಿಂಬೆಹಣ್ಣಿನ ಗಾತ್ರದ ಉಂಡೆಗಳಾಗಿ ಹೆಪ್ಪುಗಟ್ಟಿಸಿ, ಗಾಳಿಯ ಬಂದೂಕಿನಲ್ಲಿಟ್ಟು, ಕಾರಿನ ಬಾನೆಟ್ಟಿಗೆ ಹೊಡೆಯುವುದು ಅವರ ಉದ್ಯೋಗ. ಹೊಡೆದ ಮೇಲೆ ಮಂಡಿಯೂರಿ, ಟಾರ್ಚನ್ನು ಓರೆಯಾಗಿ ಹಿಡಿದು, ತಗಡಿನಲ್ಲಿ ಗುಳಿ ಬಿದ್ದಿದೆಯೇ ಎಂದು ನೋಡಬೇಕು. ಹೊಸ ಮಾದರಿಯ ತಗಡು ಅವರ ಕೈಯಲ್ಲಿ ವರ್ಷವಿಡೀ ಏಟು ತಿಂದು ಕೊನೆಗೂ ಪಾಸಾಗಿತ್ತು. ಆ ಸಂತೋಷಕ್ಕೆ ಅದೇ ಮಾದರಿಯ ಕಾರೊಂದನ್ನು ಕೊಂಡು ಮನೆಯ ಮುಂದೆ ನಿಲ್ಲಿಸಿದ್ದರು.

ಮನೆಯೊಳಗೆ ಮಾತ್ರ ಅವರ ಮಾತಿಗೆ ಅಂಥ ತೂಕವೇನೂ ಇರಲಿಲ್ಲ. (ಹಾಲು ಉಕ್ಕುತ್ತಿದೆ ಎಂದು ಅವರು ಕೂಗಿದರೂ ಹೆಂಡತಿ ಬಂದು, ಕಣ್ಣಾರೆ ಕಂಡು, ಆಮೇಲೆಯೇ ಒಲೆ ಆರಿಸುತ್ತಿದ್ದಳು.) ಆಕೆ ಆಸ್ಪತ್ರೆಯಲ್ಲಿ ನರ್ಸು. ಬಾಯಿಮಾತನ್ನು ನಂಬುವ ಅಭ್ಯಾಸವಿರಲಿಲ್ಲ. ತಗಡಿನ ವಿಷಯವೊಂದರಲ್ಲಾದರೂ ತಮ್ಮ ಮಾತು ನಡೆಯಲಿ ಎಂಬುದು ಸಾಹೇಬರ ಬಹುದಿನದ ಆಸೆಯಾಗಿತ್ತು.

ಒಂದು ಭಾನುವಾರ ಮಧ್ಯಾಹ್ನ ಆಕಾಶ ಕಪ್ಪಿಟ್ಟಿತು. ಒಗೆದ ಬಟ್ಟೆಗಳನ್ನು ಒಳಗೆ ತಂದು ಹಾಕುತ್ತ ಹೆಂಡತಿ ಹೇಳಿದಳು: "ರೀ, ಆಲಿಕಲ್ಲು ಬೀಳೋ ಹಾಗಿದೆ. ಕಾರಿಗೆ ಏನಾದ್ರೂ ಹೊದಿಸಿ ಬನ್ನಿ."

"ಬೀಳಲಿ ಬಿಡು."

"ಕಾರೆಲ್ಲ ಗುಳಿ ಬೀಳುತ್ತೆ."

"ಬೀಳಲ್ಲ ಕಣೇ. ಏಟು ಬಿದ್ದಾಗ ಆ ತಗಡು ಬಗ್ಗಿ, ತಕ್ಷಣ ಸ್ಪ್ರಿಂಗಿನ ಹಾಗೆ ಮೇಲೆದ್ದುಬಿಡುತ್ತೆ. ಬಣ್ಣ ಬಳಿದು ದೊಡ್ಡ ಒಲೆಯಲ್ಲಿ ಬೇಯಿಸ್ತೀವಲ್ಲ, ಆಗ ಇನ್ನೂ ಗಟ್ಟಿಯಾಗುತ್ತೆ. ಸಾಲದ್ದಕ್ಕೆ ಸ್ವಲ್ಪ ಉಬ್ಬು ಬೇರೆ ಕೊಟ್ಟಿದೀವಿ. ಚಪ್ಪಟೆ ತಗಡಿಗೆ ಆ ತಾಕತ್ತು ಎಲ್ಲಿಂದ ಬರಬೇಕು?"

"ಗಾಜು?"

"ಗಾಜು ಬೇರೆ ವಿಭಾಗ."

ತನಗೇನೂ ಆಗಿಲ್ಲ ಎಂದು ಹಟ ಹಿಡಿದ ರೋಗಿಯನ್ನು ನೋಡುವಂತೆ ಆಕೆ ಗಂಡನನ್ನು ನೋಡಿದಳು. ಆಮೇಲೆ ಮಂಚದ ಮೇಲಿದ್ದ ರಜಾಯಿ ಎತ್ತಿಕೊಂಡು ಹೊರಟಳು.

"ನನ್ನ ತಗಡಿಗೆ ರಜಾಯಿ ಹೊದಿಸಿದರೆ ನೋಡಿದವರು ಏನಂದುಕೊಳ್ತಾರೆ? ನನ್ನ ಮರ್ಯಾದೆ ಏನಾಗಬೇಕು?"

"ನಿಮ್ಮ ಮರ್ಯಾದೆಗಲ್ಲ, ಗಾಜಿಗೆ ಹೊದಿಸ್ತಿರೋದು."

ಆಕೆ ಕಾರಿನ ಹತ್ತಿರ ಹೋಗುವುದಕ್ಕೂ ಕಲ್ಲು ಉದುರುವುದಕ್ಕೂ ಸರಿಹೋಯಿತು. ಸಾಹೇಬರು ಬಾಗಿಲಲ್ಲೇ ನಿಂತು ಕಣ್ಣು ಮುಚ್ಚಿ ಆಲಿಸಿದರು. ಕಲ್ಲು ಬಿದ್ದಾಗ 'ಟಣ್' ಎಂದರೆ ತಗಡು ತಡೆದುಕೊಂಡಿತೆಂದೂ, 'ಡಬ್' ಎಂದರೆ ಸೋತಿತೆಂದೂ ಅವರ ಕಿವಿಗೆ ಗೊತ್ತು. ಅವತ್ತು ಕೇಳಿಸಿದ್ದೆಲ್ಲ ಟಣ್ ಟಣ್. ಅವರ ಮುಖ ಅರಳಿತು. ಅದೇ ಹೊತ್ತಿನಲ್ಲಿ, ರಜಾಯಿಯನ್ನು ಗಾಜಿನ ಮೇಲೆ ಎಳೆಯುತ್ತಿದ್ದ ಹೆಂಡತಿಯ ಹಣೆಗೆ ದಪ್ಪ ಕಲ್ಲೊಂದು ಬಡಿಯಿತು. ಆ ಸದ್ದು ಅವರಿಗೆ ಕೇಳಿಸಲಿಲ್ಲ.

ಮಳೆ ನಿಂತದ್ದೇ ತಡ, ಸಾಹೇಬರು ಟಾರ್ಚು ಹಿಡಿದು ಓಡಿದರು. ಸೂರಿನಡಿ ನಿಂತಿದ್ದ ಹೆಂಡತಿಯನ್ನು ದಾಟಿ ಹೋಗಿ ಬಾನೆಟ್ಟಿನ ಮುಂದೆ ಮಂಡಿಯೂರಿದರು.

"ಒಂದೂ ಇಲ್ಲ ಕಣೇ. ಬಂದು ನೋಡು. ನಾನು ಹೇಳಿರಲಿಲ್ಲವಾ?"

ಆಕೆ ಬಂದು ನಿಂತಳು. ಸಾಹೇಬರು ತಲೆಯೆತ್ತಿದಾಗ ಟಾರ್ಚಿನ ಬೆಳಕು ಆಕೆಯ ಹಣೆಯ ಮೇಲೆ ಬಿತ್ತು. ಅಲ್ಲಿ ಗುಳಿ ಬಿದ್ದಿರಲಿಲ್ಲ, ಗುಬುಟು ಎದ್ದಿತ್ತು. ಓರೆ ಬೆಳಕಿನಲ್ಲಿ ಅದು ಇದ್ದದ್ದಕ್ಕಿಂತ ದೊಡ್ಡದಾಗಿಯೇ ಕಂಡಿತು.

"ಇದು ಯಾವ ವಿಭಾಗ?" ಎಂದು ಆಕೆ ಕೇಳಿದಳು.

"ನೋವಾಯಿತೇನೇ?" ಎನ್ನುವಷ್ಟರಲ್ಲಿ ತಡವಾಗಿಹೋಗಿದೆಯೆಂದು ಅವರಿಗೇ ಅನ್ನಿಸಿತು.

"ತಲೆ ಸುತ್ತುತ್ತಿದೆ," ಎಂದಳು ಆಕೆ. ಹಾಗೆಂದವಳೇ ಕಾರಿಗೆ ಬೆನ್ನು ತಿರುಗಿಸಿ, ನಿಧಾನವಾಗಿ, ಬಾನೆಟ್ಟಿನ ಮಧ್ಯಭಾಗದಲ್ಲಿ ಕುಳಿತಳು.

ಫಕ್ಕನೆ ಬಂದು ಬಡಿದು ಹೋಗುವ ಕಲ್ಲು ಬೇರೆ, ಬಂದು ಕೂರುವ ಭಾರ ಬೇರೆ. ಇಡೀ ವರ್ಷದಲ್ಲಿ ಸಾಹೇಬರು ಪರೀಕ್ಷಿಸದೆ ಬಿಟ್ಟಿದ್ದು ಇದೊಂದನ್ನೇ. 'ಡಬ್' ಎಂದಿತು ತಗಡು. ಅವರ ಎದೆಯಲ್ಲೂ ಅದೇ ಸದ್ದಾಯಿತು.

"ಕೂತ್ಕೋ," ಎಂದರು ಕೊನೆಗೆ. "ಆರಾಮಾಗಿ ಕೂತ್ಕೋ."

(ತಲೆ ನಿಜವಾಗಿಯೂ ಸುತ್ತುತ್ತಿತ್ತೇ ಎಂದು ಕೇಳುವ ಧೈರ್ಯ ಅವರಿಗೆ ಇವತ್ತಿಗೂ ಬಂದಿಲ್ಲ.)

ಮರುದಿನ ಬೆಳಿಗ್ಗೆ ಹೆಂಡತಿ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಅವರನ್ನು ಕಾರ್ಖಾನೆಯ ಗೇಟಿನಲ್ಲಿ ಇಳಿಸಿದಳು. ಅಲ್ಲಿ ಮ್ಯಾನೇಜರೇ ನಿಂತಿದ್ದರು. ಅವರ ಕಣ್ಣು ಮೊದಲು ಹೋಗಿದ್ದೇ ಬಾನೆಟ್ಟಿನ ಮೇಲೆ.

"ಏನ್ರೀ ಇದು, ಇಷ್ಟಗಲ ಗುಳಿ?"

ಸಾಹೇಬರು ಕಾರಿನೊಳಗೆ ನೋಡಿದರು. ಹೆಂಡತಿ ಸ್ಟಿಯರಿಂಗ್ ಹಿಡಿದು ನೇರ ಎದುರಿಗೆ ನೋಡುತ್ತಿದ್ದಳು. ಹಣೆಯ ಮೇಲೆ ಎಳೆದುಕೊಂಡ ಕೂದಲಿನಡಿಯಲ್ಲಿ ಗುಬುಟು ನೇರಳೆ ಬಣ್ಣಕ್ಕೆ ತಿರುಗಿತ್ತು.

"ಆಲಿಕಲ್ಲು, ಸರ್."

"ಒಂದೇ ಕಲ್ಲಾ? ಎಷ್ಟು ದಪ್ಪ ಇತ್ತು?"

ಕಾರಿನ ಕಿಟಕಿ ತೆರೆದೇ ಇತ್ತು. ಸಾಹೇಬರು ಬಹಳ ಯೋಚಿಸಿ ಉತ್ತರ ಕೊಟ್ಟರು.

"ಅಂಥ ದಪ್ಪ ಏನಿರಲಿಲ್ಲ ಸರ್. ಹದವಾಗಿತ್ತು."

"ಹಾಗಾದ್ರೆ ತಗಡೇ ಸರಿಯಿಲ್ಲ ಅಂತಾಯ್ತಲ್ರೀ."

ವರ್ಷವಿಡೀ ಪಟ್ಟ ಪಾಡೆಲ್ಲ ಸಾಹೇಬರಿಗೆ ನೆನಪಾಯಿತು.

"ಹೌದು ಸರ್. ತಗಡೇ ಸರಿಯಿಲ್ಲ."

"ಎಲ್ಲ ಟೆಸ್ಟೂ ಮೊದಲಿಂದ ಮಾಡಿ," ಎಂದು ಮ್ಯಾನೇಜರು ಒಳಗೆ ಹೋದರು.

ಹೆಂಡತಿ ಈಗ ಈ ಕಡೆ ತಿರುಗಿದ್ದಳು. ನಕ್ಕರೆ ಹಣೆ ನೋಯುತ್ತಿತ್ತೇನೋ, ಒಂದು ಕೈಯನ್ನು ಅಲ್ಲಿ ಒತ್ತಿ ಹಿಡಿದಿದ್ದಳು.

"ಸಂಜೆ ನಾನೇ ಬಂದು ಕರ್ಕೊಂಡು ಹೋಗ್ತೀನಿ. ಎಷ್ಟು ಹೊತ್ತಾದ್ರೂ ಸರಿ."

"ತುಂಬಾ ಹೊತ್ತಾಗುತ್ತೆ ಕಣೇ," ಎಂದು ಹೇಳಿ, ಸಾಹೇಬರು ನೀರು ಹೆಪ್ಪುಗಟ್ಟಿಸಲು ಒಳಗೆ ಹೋದರು.