ಆಟದ ಪೆಟ್ಟಿಗೆಯ ಬೆನ್ನು

ನಮ್ಮ ಅತ್ಯಾ ಅವರನ್ನು ಕರೆದುಕೊಂಡು ಯಾವ ಪಿಜ್ಜಾ ಅಂಗಡಿಗೂ ಹೋಗಬಾರದು. ಹೋದರೆ ಪಿಜ್ಜಾಕ್ಕಿಂತ ಮೊದಲು ಮ್ಯಾನೇಜರ್ ಬರುತ್ತಾನೆ!

ಅತ್ಯಾ ಅಂದರೆ ನನ್ನ ಗಂಡನ ಸೋದರತ್ತೆ, ಅವನ ಅಪ್ಪನ ಅಕ್ಕ. ಧಾರವಾಡದ ಕಡೆ ಹಾಗೆ ಕರೆಯುತ್ತಾರೆ. ಮೈಸೂರಿನವಳಾದ ನಾನೂ ಮದುವೆಯಾದ ಮೇಲೆ ಅದನ್ನೇ ರೂಢಿ ಮಾಡಿಕೊಂಡೆ. ವಯಸ್ಸು ಎಪ್ಪತ್ತನಾಲ್ಕು. ಅವರ ಯಜಮಾನರು, ನಮ್ಮ ಮಾಮಾ, ತೀರಿಕೊಂಡ ಮೇಲೆ ಅಮೆರಿಕದ ಫಾಸ್ಟರ್ ಸಿಟಿಯ ನಮ್ಮ ಮನೆಗೆ ಬಂದು ನಮ್ಮ ಜೊತೆಯಲ್ಲೇ ಇದ್ದಾರೆ. ಇಳಕಲ್ ಸೀರೆ, ಕಾಲಿಗೆ ಬಿಳಿ ಸ್ನೀಕರ್ಸ್, ಹೆಗಲಿಗೆ ಕರಿ ಹ್ಯಾಂಡ್‌ಬ್ಯಾಗು. ಆ ಬ್ಯಾಗಿನಲ್ಲಿ ಏನಿರುತ್ತದೆ ಗೊತ್ತೇ? ಅಡಿಕೆಯ ಡಬ್ಬಿ, ಓದುವ ಕನ್ನಡಕ, ಒಂದು ಟಾರ್ಚು ಮತ್ತು ಮೂರು ಅಳತೆಯ ಸ್ಕ್ರೂಡ್ರೈವರುಗಳು! ವಿಮಾನ ನಿಲ್ದಾಣದಲ್ಲಿ ಆ ಬ್ಯಾಗಿನಿಂದ ನಾವು ಪಟ್ಟ ಪಾಡು ದೇವರಿಗೇ ಪ್ರೀತಿ.

ಹಳೆಯ ಕಾಲದ ವಿಡಿಯೋ ಗೇಮ್ ಪೆಟ್ಟಿಗೆಗಳನ್ನು ನೀವು ನೋಡಿರಬಹುದು. ಆಳೆತ್ತರದ ಪ್ಲೈವುಡ್ ಬೀರು, ನಡುವೆ ಒಂದು ಟೀವಿ, ಕೆಳಗೆ ನಾಣ್ಯ ಹಾಕುವ ಕಿಂಡಿ. ಎಪ್ಪತ್ತರ ದಶಕದಲ್ಲಿ ಇವು ಈ ಕಡೆಯ ಬಾರು, ಪಿಜ್ಜಾ ಅಂಗಡಿಗಳಲ್ಲೆಲ್ಲಾ ನಿಂತಿದ್ದವಂತೆ. ಈಗ ಅಲ್ಲೊಂದು ಇಲ್ಲೊಂದು, ಹಳೆಯದರ ಮೋಹಕ್ಕೆ ಇಟ್ಟುಕೊಂಡಿರುತ್ತಾರೆ. ಜಗತ್ತಿನ ಜನರೆಲ್ಲಾ ಈ ಪೆಟ್ಟಿಗೆಯ ಮುಂದೆ ನಿಲ್ಲುತ್ತಾರೆ. ನಮ್ಮ ಅತ್ಯಾ ಹಿಂದೆ ಹೋಗುತ್ತಾರೆ!

ನನಗೆ ಇದು ಮೊದಲು ಗೊತ್ತಾಗಿದ್ದು ಮಗಳ ಹನ್ನೆರಡನೇ ಹುಟ್ಟುಹಬ್ಬದ ದಿನ. ಅಂಗಡಿಯಲ್ಲಿ ಆರ್ಡರ್ ಕೊಟ್ಟು ತಿರುಗಿ ನೋಡುತ್ತೇನೆ, ಅತ್ಯಾ ಇಲ್ಲ. ಮೂಲೆಯಲ್ಲಿದ್ದ ಆಟದ ಪೆಟ್ಟಿಗೆ ಮತ್ತು ಗೋಡೆಯ ನಡುವೆ ಹಸಿರು ಸೆರಗೊಂದು ಕಾಣುತ್ತಿದೆ. ಮಗಳು ಓಡಿಬಂದಳು.

"ಮಾಮ್! ಅಜ್ಜಿ ಈಸ್ ಇನ್‌ಸೈಡ್ ದ ಮಶೀನ್!"

ಅಷ್ಟರಲ್ಲಿ ಮ್ಯಾನೇಜರ್ ಅಲ್ಲಿಗೆ ಹೋಗಿ, ಬಹಳ ಮರ್ಯಾದೆಯಿಂದ, "ಮ್ಯಾಮ್, ರೆಸ್ಟ್‌ರೂಮ್ ಆ ಕಡೆ ಇದೆ" ಅಂದ.

ಪೆಟ್ಟಿಗೆಯ ಹಿಂದಿನಿಂದ ಉತ್ತರ ಬಂತು: "ಐ ನೋ. ಐ ವೆಂಟ್."

ಮನೆಗೆ ಬರುವಾಗ ಕಾರಿನಲ್ಲಿ ಕೇಳಿಯೇ ಬಿಟ್ಟೆ. "ಅತ್ಯಾ, ನಿಮಗೆ ಆ ಗೇಮ್ ಆಡೋ ಆಸೆ ಇದ್ರೆ ಮುಂದೆ ನಿಂತು ಆಡಿ. ಹಿಂದೆ ಯಾಕೆ ಹೋಗ್ತೀರಾ?"

"ಆಡೂದು ಯಾರಿಗೆ ಬೇಕಾಗೇತಿ? ನಾ ಅದನ್ನ ಮಾಡೀನಿ."

"ಏನು ಮಾಡಿದ್ದೀರಿ?"

"ಅದನ್ನವಾ! ಆ ಪೆಟಗೀನ್ನ!"

ನಾನು ಫ್ರೀವೇಯ ಎಕ್ಸಿಟ್ಟು ತಪ್ಪಿಸಿಕೊಂಡೆ. ಮದುವೆಯಾಗಿ ಹದಿನೈದು ವರ್ಷವಾದರೂ ಈ ವಿಷಯ ನನಗೆ ಯಾರೂ ಹೇಳಿರಲಿಲ್ಲ. ಮಾಮಾ ಇಲ್ಲಿ ಓದಲು ಬಂದಿದ್ದರು ಅನ್ನುವುದು ಗೊತ್ತು. ಅವರ ಡಿಗ್ರಿಗಳ ಹೆಸರನ್ನು ನಮ್ಮ ಮನೆಯಲ್ಲಿ ಮಂತ್ರದಂತೆ ಹೇಳುತ್ತಾರೆ. ಆ ಡಿಗ್ರಿ ಮುಗಿಯುವವರೆಗೆ ಮನೆ ನಡೆಸಿದ್ದು ಅತ್ಯಾ ಅಂತ ಮಾತ್ರ ಯಾರೂ ಹೇಳಿರಲಿಲ್ಲ! ನಮ್ಮೂರಿನ ದಕ್ಷಿಣಕ್ಕೆ, ಸೌತ್ ಬೇ ಕಡೆ ಒಂದು ತಗಡಿನ ಶೆಡ್ಡಿನಲ್ಲಿ ಆಟದ ಪೆಟ್ಟಿಗೆಗಳನ್ನು ತಯಾರಿಸುತ್ತಿದ್ದರಂತೆ. ಇಪ್ಪತ್ತಮೂರು ವರ್ಷದ ಅತ್ಯಾ ಅಲ್ಲಿ ಕೆಲಸ ಕೇಳಲು ಹೋದರು. ಸೂಪರ್‌ವೈಸರ್, "ಬೆಸುಗೆ ಹಾಕಿ ಗೊತ್ತಾ?" ಅಂದ.

"ಇಲ್ಲ ಅಂದೆ. ಆದ್ರ ಶ್ಯಾವಿಗಿ ಹೊಸದೀನಿ, ಕೂದಲಿನಷ್ಟು ಸಣ್ಣಗ. ಕೈ ನಡುಗೂದಿಲ್ಲ ಅಂದೆ."

"ಅವನಿಗೆ ಶ್ಯಾವಿಗೆ ಅಂದ್ರೆ ಏನು ಅರ್ಥ ಆಯ್ತು?"

"ಏನೂ ಆಗಲಿಲ್ಲ. ಕೈ ನೋಡಿದ, ಕೆಲಸ ಕೊಟ್ಟ."

ಬೆಸುಗೆಯ ಜೊತೆಗೆ ವೈರುಗಳನ್ನು ಕಟ್ಟುವ ಕೆಲಸವೂ ಅತ್ಯಾ ಅವರದೇ. ಕೆಂಪು, ಹಳದಿ, ನೀಲಿ ವೈರುಗಳನ್ನು ಒಟ್ಟುಗೂಡಿಸಿ ದಾರದಿಂದ ಬಿಗಿಯಬೇಕು. ಉಳಿದ ಹೆಂಗಸರು ಹೇಳಿಕೊಟ್ಟ ಗಂಟು ಹಾಕುತ್ತಿದ್ದರು. ಅತ್ಯಾ ಮಾತ್ರ ಮಲ್ಲಿಗೆ ಮಾಲೆ ಕಟ್ಟುವ ಗಂಟು ಹಾಕಿದರು! ಸೂಪರ್‌ವೈಸರ್ ಎಳೆದು ನೋಡಿದ, ಜಗ್ಗಿ ನೋಡಿದ, ಬಿಚ್ಚಲಿಲ್ಲ. ಸುಮ್ಮನಾದ. ಹೀಗಾಗಿ, ಅಮೆರಿಕದ ಯಾವುದೇ ಹಳೆಯ ಆಟದ ಪೆಟ್ಟಿಗೆಯ ಹಿಂಬಾಗಿಲು ತೆರೆದಾಗ ಒಳಗೆ ಹೂವಿನ ಮಾಲೆಯಂತೆ ಕಟ್ಟಿದ ವೈರು ಕಂಡರೆ, ಅದು ನಮ್ಮ ಅತ್ಯಾ ಅವರ ಕೈಕೆಲಸ ಅಂತ ಲೆಕ್ಕ.

ಅಲ್ಲಿಂದ ನನಗೂ ಹುಚ್ಚು ಹಿಡಿಯಿತು. ಇಡೀ ವಾರ ಮೆನ್ಲೋ ಪಾರ್ಕಿನ ಆಫೀಸಿನಲ್ಲಿ ಮೀಟಿಂಗು. ಶನಿವಾರ ಬಂತೆಂದರೆ ಅತ್ಯಾ ಅವರಿಗೆ ನನ್ನ ಸಾರಥ್ಯ. ಎಲ್ಲೆಲ್ಲಿ ಹಳೆಯ ಪೆಟ್ಟಿಗೆ ಇದೆಯೋ ಅಲ್ಲಿಗೆಲ್ಲಾ ಹೋದೆವು. ಹಳೆಯ ಆಟಗಳನ್ನು ಪ್ರದರ್ಶನಕ್ಕೆ ಇಟ್ಟಿದ್ದ ಒಂದು ಕಡೆ ಗಡ್ಡದ ಯುವಕನೊಬ್ಬ ಭಾಷಣ ಮಾಡುತ್ತಿದ್ದ. "ಇವನ್ನೆಲ್ಲಾ ಕಟ್ಟಿದವರು ನಿಮ್ಮಂಥ ಕೆಲವು ಹುಡುಗರು" ಎಂದು ಪ್ರವಾಸಕ್ಕೆ ಬಂದಿದ್ದ ಕಾಲೇಜು ಹುಡುಗರಿಗೆ ಹೇಳಿದ. ಅತ್ಯಾ ಕೈ ಎತ್ತಿದರು.

"ಬಾಯ್ಸ್ ಡ್ರೂ ದ ಡ್ರಾಯಿಂಗ್. ವಿ ಲೇಡೀಸ್ ಬಿಲ್ಟ್ ಇಟ್."

ಯುವಕ ನಕ್ಕು, ಪಕ್ಕದಲ್ಲಿ 'ಕೆಟ್ಟಿದೆ' ಎಂಬ ಫಲಕ ಹಾಕಿದ್ದ ಪೆಟ್ಟಿಗೆಯನ್ನು ತೋರಿಸಿ, "ಹಾಗಾದರೆ ಇದನ್ನು ಸರಿ ಮಾಡಿ ನೋಡೋಣ" ಅಂದ. ಪಾಪ, ತಮಾಷೆಗೆ ಅಂದದ್ದು! ಅತ್ಯಾ ಹಿಂಬಾಗಿಲು ತೆರೆಸಿದರು, ಪ್ಲಗ್ ತೆಗೆಸಿದರು, ಟಾರ್ಚನ್ನು ನನ್ನ ಕೈಗೆ ಕೊಟ್ಟರು, ಸಡಿಲವಾಗಿದ್ದ ಒಂದು ಕೊಂಡಿಯನ್ನು ಹೆಬ್ಬೆರಳಿನಿಂದ ಒತ್ತಿದರು. ಪ್ಲಗ್ ಹಾಕುತ್ತಲೇ ಪರದೆ ಬೆಳಗಿತು, 'ಟಕ್' ಅಂತ ಚುಕ್ಕೆ ಹಾರಿತು. ಹುಡುಗರು ಚಪ್ಪಾಳೆ ತಟ್ಟಿದರು. ಯುವಕ ಓಡಿಬಂದು, ವಾರಕ್ಕೊಮ್ಮೆ ಇಲ್ಲಿಗೆ ಬಂದು ಸೇವೆ ಮಾಡುತ್ತೀರಾ ಎಂದು ಕೇಳಿದ. ಅತ್ಯಾ ನನ್ನ ಕಡೆ ತಿರುಗಿ, "ಊಟಾ ಹಾಕ್ತಾರೇನು ಕೇಳು" ಅಂದರು.

ಆದರೆ ಒಂದು ವಿಷಯ ನನ್ನನ್ನು ಕೊರೆಯತೊಡಗಿತು. ಸುತ್ತಾಟದಲ್ಲಿ ಮಲ್ಲಿಗೆ ಗಂಟಿನ ಪೆಟ್ಟಿಗೆಗಳು ನಾಲ್ಕು ಸಿಕ್ಕವು. ಸಿಕ್ಕಾಗಲೆಲ್ಲಾ ನಾನು ಕುಣಿದಾಡುತ್ತಿದ್ದೆ. ಅತ್ಯಾ ಕುಣಿಯುತ್ತಿರಲಿಲ್ಲ. ಟಾರ್ಚು ಬಿಟ್ಟು ಒಳಗಿನ ಪ್ಲೈವುಡ್ಡನ್ನು ಮೇಲಿಂದ ಕೆಳಗೆ ನೋಡಿ, "ಇದಲ್ಲ" ಎಂದು ಬಾಗಿಲು ಮುಚ್ಚುತ್ತಿದ್ದರು. ಇದಲ್ಲ ಅಂದರೆ? ಹಾಗಾದರೆ ಯಾವುದು? ಕೇಳಿದರೆ, "ಸುಮ್ಮನ ನೋಡ್ತೀನವಾ" ಅಂದು ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಬಾಯಲ್ಲಿ ಅಡಿಕೆ ಇರುವಾಗ ಅತ್ಯಾ ಮಾತಾಡುವುದಿಲ್ಲ, ಅದು ಎಲ್ಲರಿಗೂ ಗೊತ್ತು.

ಮನೆಯಲ್ಲಿ ಊಹಾಪೋಹ ಶುರುವಾಯಿತು. ಬೆಸುಗೆ ಹಾಕುವಾಗ ಬಂಗಾರದ ಬಳೆ ಒಳಗೆ ಬಿದ್ದು ಹೋಗಿರಬೇಕು ಎಂದು ನನ್ನ ಗಂಡನ ವಾದ. "ಶಿ ವಾಸ್ ಅ ಸ್ಪೈ" ಎಂದು ಮಗಳ ತೀರ್ಮಾನ. ನನಗೆ ಎರಡೂ ಸಾಧ್ಯ ಅನ್ನಿಸುತ್ತಿತ್ತು!

ಕಳೆದ ಮೇ ತಿಂಗಳಲ್ಲಿ ಹತ್ತಿರದ ಊರು ಎಮರಿವಿಲ್‌ನಿಂದ ಒಂದು ಜಾಹೀರಾತು ಫೋನಿನಲ್ಲಿ ಕಣ್ಣಿಗೆ ಬಿತ್ತು. ಹಳೆಯ ಯಂತ್ರಗಳನ್ನು ರಿಪೇರಿ ಮಾಡುವ ಮುದುಕನೊಬ್ಬ ಅಂಗಡಿ ಮುಚ್ಚುತ್ತಿದ್ದಾನೆ. ಬೇಕಾದವರು ಬಂದು ಒಯ್ಯಿರಿ, ಸೋಮವಾರ ಉಳಿದದ್ದೆಲ್ಲಾ ಕಸದ ಲಾರಿಗೆ. ಶನಿವಾರ ಬೆಳಗ್ಗೆಯೇ ಹೋದೆವು. ಮುದುಕನಿಗೆ ಬಿಳಿ ಜುಟ್ಟು, ಎಣ್ಣೆ ಮೆತ್ತಿದ ಟೋಪಿ, ನಿಧಾನದ ಮಾತು. ಮೂಲೆಯಲ್ಲಿ ಒಂದು ಪೆಟ್ಟಿಗೆ, ಮುಖವೆಲ್ಲಾ ಸಿಗರೇಟಿನಿಂದ ಸುಟ್ಟ ಕಲೆ. ಓಕ್‌ಲ್ಯಾಂಡಿನ ಒಂದು ಬಾರಿನಲ್ಲಿ ಎಷ್ಟೋ ವರ್ಷ ಇತ್ತಂತೆ.

ಆತ ಹಿಂಬಾಗಿಲು ತೆಗೆದ. ಮಲ್ಲಿಗೆ ಗಂಟು! ಅತ್ಯಾ ಟಾರ್ಚು ಬಿಟ್ಟರು. ನಾನು "ಇದಲ್ಲ" ಎನ್ನುವ ಮಾತಿಗೆ ಕಾದೆ.

ಬರಲಿಲ್ಲ.

"ಇದಽ" ಅಂದರು.

ಬಗ್ಗಿ ನೋಡಿದೆ. ಪ್ಲೈವುಡ್ಡಿನ ಮೇಲೆ, ಧೂಳಿನ ಕೆಳಗೆ, ಪೆನ್ಸಿಲಿನಲ್ಲಿ ದುಂಡಗಿನ ಕನ್ನಡ ಅಕ್ಷರ. ಎಮರಿವಿಲ್‌ನಲ್ಲಿ, ಆಟದ ಪೆಟ್ಟಿಗೆಯ ಹೊಟ್ಟೆಯೊಳಗೆ! 'ಅಪ್ಪ ಹೋದರಂತ. ಪತ್ರ ಇಂದು ಬಂತು. ಹದಿಮೂರು ದಿನಾನೂ ಆಗಿ ಹೋಗ್ಯಾವ. ಇಲ್ಲಿ ಯಾರಿಗೂ ಹೇಳಿಲ್ಲ.'

ಅತ್ಯಾ ಅವರೇ ಹೇಳಿದರು. "ಟೆಲಿಗ್ರಾಮ್ ಕೊಟ್ರ ಹೆದರತಾಳ ಅಂತ ನಮ್ಮ ದೊಡ್ಡಣ್ಣ ಪತ್ರ ಬರದಿದ್ದ. ಆ ವಾರ ನಿಮ್ಮ ಮಾಮಾನ ಪರೀಕ್ಷಾ. ಹೇಳಿದ್ರ ಅವರು ಪುಸ್ತಕಾ ಮುಚ್ಚಿಡ್ತಿದ್ರು. ಹೇಳದಽ ಇದ್ರ ನನ್ನ ಎದಿ ಒಡೀತಿತ್ತು. ಕೈಯಾಗ ಪೆನ್ಸಿಲ್ ಇತ್ತು, ಬರದೆ. ಗಂಟಿ ಹೊಡೀತು. ಬಾಗಲಾ ಮುಚ್ಚಿ ಸ್ಕ್ರೂ ಬಿಗದೆ. ಲಾರಿ ಬಂದು ಒಯ್ತು."

ಟಾರ್ಚು ಆರಿಸಿ, "ಆಮ್ಯಾಲೆ ಗೊತ್ತಾತು, ಇವು ಬಾರಿಗೆ ಹೋಗ್ತಾವ ಅಂತ. ನಮ್ಮಪ್ಪ ಸಾಲಿ ಮಾಸ್ತರ. ಚಾ ಸುದ್ದಾ ಕುಡೀತಿದ್ದಿಲ್ಲ. ಅಂಥವನ್ನ ಒಯ್ದು ಕುಡುಕರ ನಡಕ ನಿಲ್ಲಿಸಿದೆನಲ್ಲವಾ" ಅಂದರು. ನಗಲು ಹೋದರು, ಆಗಲಿಲ್ಲ.

ಜುಟ್ಟಿನವ ನಮ್ಮಿಬ್ಬರ ಮುಖ ನೋಡಿ, ಪ್ಲೈವುಡ್ಡಿನ ಮೇಲಿನ ಬರಹ ತೋರಿಸಿ, ಅದೇನು ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಅತ್ಯಾ ಹೇಳಿದರು, "ಇಟ್ ಸೇಸ್ ಮೈ ಫಾದರ್ ಡೈಡ್."

ಆತ ಟೋಪಿ ತೆಗೆದ. ಯಾವಾಗ ಎಂದು ಕೇಳಲಿಲ್ಲ. ನಿನ್ನೆಯೋ ಮೊನ್ನೆಯೋ ಆದ ಸಾವು ಅನ್ನುವ ಹಾಗೆ, ಅತ್ಯಾ ಅವರ ಎರಡೂ ಕೈ ಹಿಡಿದು, "ಐ ಆಮ್ ಸೋ ಸಾರಿ" ಅಂದ.

ಅಲ್ಲಿಯವರೆಗೆ ಆ ಮಾತನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಮಾಮಾನಿಗೆ ಪರೀಕ್ಷೆ ಮುಗಿದ ಮೇಲೆ ತಿಳಿಸಿದರಂತೆ. ಅಷ್ಟರಲ್ಲಿ ಅದು ಹಳೆಯ ಸುದ್ದಿ. ಊರಿಗೆ ಹೋಗಿದ್ದು ನಾಲ್ಕು ವರ್ಷದ ನಂತರ; ಅಷ್ಟು ತಡವಾಗಿ ಯಾರು ಮಾತಾಡಿಸಲು ಬರುತ್ತಾರೆ?

ಅತ್ಯಾ "ಥ್ಯಾಂಕ್ ಯೂ" ಅಂದರು. ಆಮೇಲೆ ಒಂದು ಮರದ ಕ್ರೇಟಿನ ಮೇಲೆ ಕುಸಿದು ಕೂತು, ಇಳಕಲ್ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತರು. ಇಪ್ಪತ್ತಮೂರರ ಹುಡುಗಿ ಅಳಬೇಕಾಗಿದ್ದ ಹಾಗೆ ಅತ್ತರು. ನಾನು ಅವರ ಬೆನ್ನು ಸವರುತ್ತಾ ನಿಂತೆ.

ಆ ಪೆಟ್ಟಿಗೆ ಈಗ ನಮ್ಮ ಗ್ಯಾರೇಜಿನಲ್ಲಿದೆ, ನನ್ನ ಕಾರು ಬೀದಿಯಲ್ಲಿದೆ, ಅದಿರಲಿ. ನನಗೆ ನೆನಪಾಗುವುದು ಆ ಬೆಳಗಿನ ಉಳಿದ ಭಾಗ. ಆತ ಎರಡು ಕುರ್ಚಿ ಎಳೆದು ತಂದ. ಒಂದನ್ನು ನನಗೆ ಕೊಟ್ಟು, ಇನ್ನೊಂದನ್ನು ಅತ್ಯಾ ಎದುರಿಗೆ ಹಾಕಿಕೊಂಡು ಕೂತ. "ನಿಮ್ಮ ತಂದೆ ಹೇಗಿದ್ದರು, ಹೇಳಿ" ಅಂದ.

ಅತ್ಯಾ ಇಂಗ್ಲಿಷಿನಲ್ಲೇ ಶುರು ಮಾಡಿದರು. ಎರಡನೇ ವಾಕ್ಯಕ್ಕೆ ಧಾರವಾಡದ ಕನ್ನಡ ಬಂದುಬಿಟ್ಟಿತು. ಅವರ ಅಪ್ಪ ಸೈಕಲ್ ಹತ್ತಲು ಕಲಿತದ್ದು, ಇಳಿಯಲು ಕಲಿಯದೆ ಬೇಲಿ ಹುಡುಕಿಕೊಂಡು ಹೋಗುತ್ತಿದ್ದದ್ದು, ಮಗಳು ಬಿ.ಎಸ್ಸಿ. ಪಾಸಾದ ದಿನ ಇಡೀ ಓಣಿಗೆ ಪೇಢೆ ಹಂಚಿದ್ದು. ಆತ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು, ಒಂದು ಶಬ್ದವೂ ತಿಳಿಯದೆ, ತಲೆಯಾಡಿಸುತ್ತಾ ಕೇಳುತ್ತಿದ್ದ. ನಾನು ಅನುವಾದ ಮಾಡಲು ಹೋಗಲಿಲ್ಲ.